‘ಆನ್ ಇನ್‌ಸ್ಪೆಕ್ಟರ್ ಕಾಲ್ಸ್’ ನಾಟಕದ ಶೀಲಾ ಸಾಮಾಜಿಕ ಹೊಣೆಗಾರಿಕೆಯನ್ನು ಕಲಿಯುವುದು ಹೇಗೆ?

ತನ್ನದೊಂದು ಕ್ಷಣದ ಸಿಟ್ಟು ಅಪರಿಚಿತಳೊಬ್ಬಳ ಬದುಕಿಗೆ ಎಂಥ ಪೆಟ್ಟು ಕೊಟ್ಟಿತೆಂದು ತಿಳಿದಾಗ, ಆ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಳ್ಳುವ ಮೂಲಕ ಶೀಲಾ ಹೊಣೆಗಾರಿಕೆಯನ್ನು ಕಲಿಯುತ್ತಾಳೆ.

ಜೆ.ಬಿ. ಪ್ರೀಸ್ಟ್ಲಿ ಬರೆದ, 1945ರಲ್ಲಿ ಮೊದಲು ರಂಗಕ್ಕೆ ಬಂದ ಈ ನಾಟಕ 1912ರ ಇಂಗ್ಲೆಂಡಿನ ಕಾರ್ಖಾನೆ ಮಾಲೀಕನೊಬ್ಬನ ಮನೆಯಲ್ಲಿ ನಡೆಯುತ್ತದೆ. ಮಗಳು ಶೀಲಾಳ ನಿಶ್ಚಿತಾರ್ಥದ ರಾತ್ರಿ ಬಂದ ಇನ್‌ಸ್ಪೆಕ್ಟರ್, ಇವಾ ಸ್ಮಿತ್ ಎಂಬ ಯುವತಿ ಆತ್ಮಹತ್ಯೆ ಮಾಡಿಕೊಂಡಿರುವುದನ್ನು ತಿಳಿಸುತ್ತಾನೆ. ಹೆಚ್ಚು ಕೂಲಿ ಕೇಳಿ ಮುಷ್ಕರ ಹೂಡಿದ್ದ ಇವಾಳನ್ನು ಕೆಲಸದಿಂದ ತೆಗೆದ ತಂದೆಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆ ಹುಡುಗಿಯರು ಅಗ್ಗದ ದುಡಿಮೆಯಲ್ಲ, ಮನುಷ್ಯರು ಎಂದು ಶೀಲಾ ಆಗಲೇ ಪ್ರತಿಭಟಿಸುತ್ತಾಳೆ. ಆದರೆ ಅದು ಇನ್ನೂ ಬರಿಯ ಮರುಕ.

ತನ್ನ ಪಾತ್ರವೂ ಇದೆಯೆಂದು ಗೊತ್ತಾದಾಗಲೇ ಆ ಮರುಕ ಹೊಣೆಯಾಗುತ್ತದೆ. ಅಂಗಡಿಯೊಂದರಲ್ಲಿ ತನಗೆ ಒಪ್ಪದ ಉಡುಪನ್ನು ತೊಟ್ಟು ನೋಡುತ್ತಿದ್ದ ಶೀಲಾ, ಅಲ್ಲಿ ಕೆಲಸಕ್ಕಿದ್ದ ಇವಾ ಮುಗುಳ್ನಕ್ಕದ್ದನ್ನು ಕನ್ನಡಿಯಲ್ಲಿ ಕಂಡು ಕೆರಳಿ, ಅವಳನ್ನು ತೆಗೆಯದಿದ್ದರೆ ತಾಯಿಯ ಖಾತೆಯನ್ನೇ ಮುಚ್ಚಿಸುವುದಾಗಿ ವ್ಯವಸ್ಥಾಪಕನನ್ನು ಬೆದರಿಸಿದ್ದಳು. ಅದೇ ಉಡುಪು ಇವಾಳಿಗೆ ಚೆನ್ನಾಗಿ ಒಪ್ಪುತ್ತಿತ್ತೆಂಬ ಹೊಟ್ಟೆಕಿಚ್ಚನ್ನೂ ಅವಳು ಒಪ್ಪಿಕೊಳ್ಳುತ್ತಾಳೆ. ನನ್ನ ದೃಷ್ಟಿಯಲ್ಲಿ ಇದೇ ನಾಟಕದ ಅತ್ಯಂತ ಪ್ರಾಮಾಣಿಕ ಗಳಿಗೆ.

ಕಲಿತದ್ದು ನಿಜವೇ ಎಂಬುದು ಕೊನೆಯಲ್ಲಿ ತಿಳಿಯುತ್ತದೆ. ಬಂದವನು ನಿಜವಾದ ಇನ್‌ಸ್ಪೆಕ್ಟರ್ ಅಲ್ಲವೆಂದು ಹೆತ್ತವರು ನೆಮ್ಮದಿಯ ನಿಟ್ಟುಸಿರು ಬಿಟ್ಟರೂ, ತಾವು ಮಾಡಿದ್ದು ಮಾಡಿದ್ದೇ ಎಂಬ ನಿಲುವನ್ನು ಬಿಡದ ಶೀಲಾ, ತನ್ನೊಂದಿಗೆ ನಿಶ್ಚಿತಾರ್ಥವಾಗಿದ್ದ ಜೆರಾಲ್ಡ್ ಮತ್ತೆ ನೀಡಿದ ಉಂಗುರವನ್ನು ಆ ಕ್ಷಣಕ್ಕೆ ಸ್ವೀಕರಿಸುವುದಿಲ್ಲ.