ಕೊನೆಯ ಪರದೆಯ ಐದು ನಿಮಿಷ

ತಂಗೀ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಗದುಗಿನಿಂದ ಬಂದು ಇನ್ನೂ ಮೂರು ತಿಂಗಳು ತುಂಬಿಲ್ಲ, ಅಮೆರಿಕದ ಕೊಲಂಬಸ್ಸಿನಲ್ಲಿ ಪತಿಯ ನೌಕರಿ, ಧಾರವಾಡದಲ್ಲಿ ಮುಗಿಸಿದ ಬಿ.ಎಸ್ಸಿ., ಅದಕ್ಕೂ ಮೊದಲು ಎರಡು ಸಲ ಬರೆದು ಸೀಟು ಸಿಗದ ನೀಟ್, ಈಗ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಇಲ್ಲಿಯ ವೈದ್ಯಕೀಯ ಕಾಲೇಜು ಸೇರುವ ಆಸೆ. ಇಷ್ಟು ಹೇಳಿ ಐದಾರು ಪ್ರಶ್ನೆಗಳನ್ನು ಕೇಳಿರುವೆ. ಕೊನೆಯ ಸಾಲಿನಲ್ಲಿ "ಅಕ್ಕಾವ್ರ, ನಿಮಗ ಎಷ್ಟ ಬಿದ್ದಿದ್ದುವು?" ಎಂದೂ ಕೇಳಿರುವೆ. ಬಹುವಚನ ಬೇಡವೆಂದು ನೀನೇ ಹೇಳಿದ್ದರಿಂದ ಏಕವಚನದಲ್ಲಿ ಬರೆಯುತ್ತಿದ್ದೇನೆ. ಆ ಕೊನೆಯ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರಿಸಲು ಆಗುವುದಿಲ್ಲ. ಉಳಿದವುಗಳನ್ನು ಮೊದಲು ಮುಗಿಸುತ್ತೇನೆ.

ಮನೆ ಬಾಡಿಗೆ, ಚಳಿಯ ಬಟ್ಟೆ, ಕಾರು ಕಲಿಯುವುದು, ಇವನ್ನೆಲ್ಲ ನಿನ್ನ ಪತಿಯ ಜೊತೆ ಕೆಲಸ ಮಾಡುವವರು ನನಗಿಂತ ಚೆನ್ನಾಗಿ ಹೇಳಬಲ್ಲರು. ಜೋಳದ ಹಿಟ್ಟು ಭಾರತೀಯರ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಊರ ಬಿಳಿಜೋಳದ ರುಚಿಯನ್ನು ಅದರಲ್ಲಿ ಹುಡುಕಬೇಡ.

ಪರೀಕ್ಷೆಯ ಪುಸ್ತಕ ತೆರೆಯುವ ಮೊದಲು ನೀನು ಅರ್ಜಿ ಹಾಕಬಹುದಾದ ಕಾಲೇಜುಗಳ ನಿಯಮಗಳನ್ನು ಒಂದೊಂದಾಗಿ ಓದು. ನಮ್ಮಲ್ಲಿ ಪಿ.ಯು.ಸಿ. ಮುಗಿದ ಕೂಡಲೇ ಎಂ.ಬಿ.ಬಿ.ಎಸ್. ಸೇರುತ್ತಾರೆ, ಇಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿದ ಮೇಲೆ ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣ. ನಮ್ಮ ಮೂರು ವರ್ಷದ ಬಿ.ಎಸ್ಸಿ.ಯ ಅಂಕಪಟ್ಟಿಯೊಂದನ್ನೇ ನಂಬಿ ಹೆಚ್ಚಿನ ಕಡೆ ಅರ್ಜಿ ಹಾಕಲು ಬರುವುದಿಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ಇವುಗಳನ್ನು ಪ್ರಯೋಗಾಲಯದ ಸಮೇತ ಇಲ್ಲಿಯ ಕಾಲೇಜಿನಲ್ಲಿ ಮತ್ತೆ ಓದಬೇಕಾದೀತು. ಇದಕ್ಕಿಂತ ದೊಡ್ಡ ತಡೆ ಇನ್ನೊಂದಿದೆ. ಅನೇಕ ಕಾಲೇಜುಗಳು ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಿಗೆ, ಇಲ್ಲದವರ ಅರ್ಜಿಯನ್ನು ಪರಿಗಣಿಸುವುದೇ ಇಲ್ಲ, ಪರಿಗಣಿಸುವ ಕಡೆಯಲ್ಲಿಯೂ ಸರಕಾರದ ಶಿಕ್ಷಣ ಸಾಲ ವೀಸಾದ ಮೇಲಿರುವವರಿಗೆ ದೊರೆಯುವುದಿಲ್ಲ. ನಾನು 2003ರಲ್ಲಿ ಬಂದವಳು, ನಮಗೆ ಕಾರ್ಡ್ ಬಂದದ್ದು 2007ರಲ್ಲಿ; ಈಗ ಭಾರತದವರ ಸರದಿ ಅದಕ್ಕಿಂತ ಬಹಳ ಉದ್ದವಾಗಿದೆ. ನಿನ್ನ ಉತ್ಸಾಹಕ್ಕೆ ನೀರೆರಚಲು ಇದನ್ನು ಬರೆಯುತ್ತಿಲ್ಲ. ಪರೀಕ್ಷೆ ಬರೆದಾದ ಮೇಲೆ ಇದು ತಿಳಿದರೆ ಆಗುವ ಸಂಕಟ ನಿನಗೆ ಬರಬಾರದು.

ಇನ್ನು ಪರೀಕ್ಷೆ. ಇದನ್ನು ನಡೆಸುವುದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ. 2007ರಿಂದ ಇದು ಕಂಪ್ಯೂಟರಿನ ಮೇಲೆಯೇ ನಡೆಯುತ್ತಿದೆ, ಈಗಿನ ಸ್ವರೂಪಕ್ಕೆ ಬಂದದ್ದು 2015ರಲ್ಲಿ. ನಾಲ್ಕು ಭಾಗಗಳು, ಒಟ್ಟು 230 ಪ್ರಶ್ನೆಗಳು. ಉತ್ತರಿಸುವ ಸಮಯವೇ ಆರು ಗಂಟೆ 15 ನಿಮಿಷ, ವಿರಾಮಗಳೆಲ್ಲ ಸೇರಿ ಸುಮಾರು ಏಳೂವರೆ ಗಂಟೆ ನೀನು ಆ ಕೇಂದ್ರದಲ್ಲಿರುತ್ತೀ. ಪ್ರತಿ ಭಾಗಕ್ಕೆ 118ರಿಂದ 132ರ ವರೆಗೆ, ಒಟ್ಟು 472ರಿಂದ 528ರ ವರೆಗೆ ಅಂಕ; ನಟ್ಟನಡುವಿನ ಅಂಕ 500. ಕ್ಯಾಲ್ಕ್ಯುಲೇಟರ್ ಇಲ್ಲ. ಈ ಒಂದು ವಿಷಯದಲ್ಲಿ ನಮ್ಮ ಕನ್ನಡ ಶಾಲೆಯ ಮಾಸ್ತರರಿಗೆ ನಾವು ಋಣಿಗಳು, ಏಕೆಂದರೆ ಬಾಯಿಪಾಠ ಮಾಡಿದ ಮಗ್ಗಿ ಇಲ್ಲಿ ನಿಮಿಷಗಳನ್ನು ಉಳಿಸುತ್ತದೆ. ಲೆಕ್ಕಕ್ಕೆಂದು ಅವರೇ ನುಣುಪು ಹಾಳೆಗಳ ಒಂದು ಪುಸ್ತಿಕೆಯನ್ನೂ ಮಾರ್ಕರ್ ಪೆನ್ನನ್ನೂ ಕೊಡುತ್ತಾರೆ. ಅಂಥದರ ಮೇಲೆಯೇ ಬರೆದು ಅಭ್ಯಾಸ ಮಾಡು, ಏಕೆಂದರೆ ದಪ್ಪ ಮೊನೆಯ ಆ ಪೆನ್ನಿನಿಂದ ನಾವು ರೂಢಿಯಾಗಿ ಮಾಡುವ ಸಣ್ಣ ಅಕ್ಷರದ ಲೆಕ್ಕ ಮೂಡುವುದಿಲ್ಲ.

ನೀಟಿಗೆ ಓದಿದ ಜೀವಶಾಸ್ತ್ರ ಸಾಕಾಗುವುದೇ ಎಂದು ಕೇಳಿರುವೆ. ತಳಪಾಯಕ್ಕೆ ಸಾಕು. ಆದರೆ ಜೀವರಸಾಯನಶಾಸ್ತ್ರವನ್ನು ಇನ್ನೂ ಆಳವಾಗಿ ಓದಬೇಕು, 20 ಅಮೈನೋ ಆಮ್ಲಗಳ ರಚನೆ ಮತ್ತು ಸ್ವಭಾವ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವಂತಿರಬೇಕು, ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಕ್ಕೆ ಒಂದು ಇಡೀ ಭಾಗವೇ ಮೀಸಲಾಗಿದೆ. ನೀಟ್ ಕಲಿಸಿದ ಒಂದು ರೂಢಿಯನ್ನು ಮಾತ್ರ ನೀನು ಪ್ರಯತ್ನಪೂರ್ವಕವಾಗಿ ಬಿಡಬೇಕು. ಅಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಆದ್ದರಿಂದ ಖಾತ್ರಿಯಿಲ್ಲದ್ದನ್ನು ಬಿಟ್ಟುಬಿಡುವುದು ಜಾಣತನ. ಇಲ್ಲಿ ತಪ್ಪಿಗೆ ಏನೂ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಧಾರವಾಡದ ಸಪ್ತಾಪುರದಂತೆ ಓಣಿಗೊಂದು ಕೋಚಿಂಗ್ ಕ್ಲಾಸು ಇಲ್ಲಿ ಕಾಣಿಸುವುದಿಲ್ಲ. ಇರುವವು ದುಬಾರಿ. ಖಾನ್ ಅಕಾಡೆಮಿಯ ಪಾಠಗಳು ಉಚಿತವಾಗಿವೆ, ಸಂಘದವರೇ ಸಿದ್ಧಪಡಿಸಿದ ಅಭ್ಯಾಸ ಪರೀಕ್ಷೆಗಳಿವೆ, ಊರಿನ ಗ್ರಂಥಾಲಯವಿದೆ. ಮನೆಗೆಲಸದ ಜೊತೆಗೆ ಓದುವವಳಿಗೆ ಆರು ತಿಂಗಳು ಬೇಕೆಂದು ನನ್ನ ಎಣಿಕೆ.

ನಾಲ್ಕು ಭಾಗಗಳಲ್ಲಿ ನಮ್ಮ ಕಡೆಯವರು ಹೆಚ್ಚಾಗಿ ಸೋಲುವುದು ಓದಿ ತರ್ಕಿಸುವ ಭಾಗದಲ್ಲಿ. ಇಲ್ಲಿ ಅದನ್ನು ಕಾರ್ಸ್ ಎನ್ನುತ್ತಾರೆ. ಸಾಹಿತ್ಯ, ಕಲೆ, ತತ್ತ್ವಶಾಸ್ತ್ರ, ಸಮಾಜ ಮುಂತಾದವುಗಳ ಕುರಿತ ಒಂಬತ್ತು ಗದ್ಯಭಾಗಗಳು, 53 ಪ್ರಶ್ನೆಗಳು, 90 ನಿಮಿಷ. ವಿಜ್ಞಾನ ಎಳ್ಳಷ್ಟೂ ಬೇಕಿಲ್ಲ, ಉತ್ತರವೆಲ್ಲ ಆ ಗದ್ಯದೊಳಗೇ ಇರುತ್ತದೆ. ಅಲ್ಲಿಯೇ ನಾವು ಎಡವುವುದು, ಏಕೆಂದರೆ ಲೇಖಕನು ಏನು ಹೇಳಿದ್ದಾನೆ ಎಂಬುದನ್ನು ಬಿಟ್ಟು, ನಮಗೆ ಮೊದಲೇ ಗೊತ್ತಿರುವುದನ್ನೂ ನಮಗೆ ಸರಿಯೆನಿಸಿದ್ದನ್ನೂ ಉತ್ತರವೆಂದು ಆರಿಸುತ್ತೇವೆ. ನಿನಗೆ ಹೈಸ್ಕೂಲಿನ ಕನ್ನಡ ಪತ್ರಿಕೆ ನೆನಪಿರಬೇಕು. "ಈ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭ ಮತ್ತು ಸ್ವಾರಸ್ಯವನ್ನು ಬರೆಯಿರಿ" ಎಂದು ಕೇಳುತ್ತಿದ್ದರಲ್ಲ, ಕಾರ್ಸ್ ಕೇಳುವುದೂ ಬಹುಮಟ್ಟಿಗೆ ಅದನ್ನೇ. ಪ್ರತಿಯೊಂದು ಗದ್ಯವನ್ನು ಓದುವಾಗ ಇದು ಲೇಖಕನ ಸ್ವಂತ ಮಾತೋ, ಅವನು ಖಂಡಿಸಲೆಂದು ಎತ್ತಿಕೊಂಡ ಬೇರೆಯವರ ಮಾತೋ ಎಂದು ಕೇಳಿಕೊಳ್ಳುತ್ತಾ ಹೋಗು. ಇದು ನನಗೆ ಬಹಳ ತಡವಾಗಿ ಹೊಳೆಯಿತು.

ಈಗ ನಿನ್ನ ಕೊನೆಯ ಪ್ರಶ್ನೆಗೆ ಬರುತ್ತೇನೆ. ನನಗೆ ಎಷ್ಟು ಅಂಕ ಬಿದ್ದಿದ್ದವೆಂಬುದು ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವಂತೆಯೂ ಇಲ್ಲ.

ನಾನು ಬರೆದದ್ದು 2009ರ ಆಗಸ್ಟಿನಲ್ಲಿ. ಆಗಿನ ಸ್ವರೂಪ ಬೇರೆಯಾಗಿತ್ತು. ಅಂಕಗಳು 45ರ ಲೆಕ್ಕದಲ್ಲಿದ್ದವು, ಎರಡು ಪ್ರಬಂಧಗಳನ್ನೂ ಬರೆಯಬೇಕಾಗಿತ್ತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದ ನಾನು ಇಲ್ಲಿ ಮಿಶಿಗನ್ನಿನಲ್ಲಿ ಸಂಜೆಯ ತರಗತಿಗಳಲ್ಲಿ ಬೇಕಾದ ವಿಷಯಗಳನ್ನೆಲ್ಲ ಮತ್ತೆ ಓದಿ ಮುಗಿಸಿದ್ದೆ, ಮಗನಿಗೆ ಮೂರು ವರ್ಷವಾಗಿತ್ತು. ನಮ್ಮ ಕಡೆಯ ಹಿರಿಯರೊಬ್ಬರು ತಮ್ಮ ಮಗ ಹಿಂದೆ ಓದಿದ್ದ ಪುಸ್ತಕಗಳನ್ನು ಪ್ರೀತಿಯಿಂದ ಕೊಟ್ಟರು. ಅವೆಲ್ಲ ಪರೀಕ್ಷೆ ಇನ್ನೂ ಕಾಗದದ ಮೇಲೆ ನಡೆಯುತ್ತಿದ್ದ ಕಾಲದವು. ಮುರುಘಾಮಠದ ಹತ್ತಿರದ ಮನೆಯಲ್ಲಿ ಸಿ.ಇ.ಟಿ.ಗೆ ಓದಿದಂತೆಯೇ ನಾನು ಅವುಗಳನ್ನು ಓದಿದೆ. ಗದ್ಯಭಾಗಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ, ಒಂದು ರಾತ್ರಿ ಎರಡು ಗದ್ಯ, ಮರುದಿನ ಹತ್ತು ಲೆಕ್ಕ, ಹೀಗೆ ಬಿಡಿಬಿಡಿಯಾಗಿ ಬಿಡಿಸಿದೆ. ಇಡೀ ಪರೀಕ್ಷೆಯನ್ನು ಒಂದೇ ಸಲ ಕುಳಿತು, ಪರದೆಯ ಮುಂದೆ, ಗಡಿಯಾರ ಓಡುತ್ತಿರುವಾಗ ಒಮ್ಮೆಯೂ ಬರೆದು ನೋಡಲಿಲ್ಲ. ಪಾಠ ಬಂದರೆ ಪರೀಕ್ಷೆ ಬಂದಂತೆ ಎಂಬುದು ನನ್ನ ನಂಬಿಕೆಯಾಗಿತ್ತು.

ಅಂದು ಎರಡನೆಯ ಭಾಗದಲ್ಲಿ ಒಂದು ಗದ್ಯ ಬಂತು. ಅದು ಯಾವುದರ ಕುರಿತಾಗಿತ್ತೆಂದು ಹೇಳಲಾರೆ, ಹೊರಗೆ ಹೇಳುವುದಿಲ್ಲವೆಂದು ಸಹಿ ಮಾಡಿದ್ದೇನೆ. ಪರದೆಯ ಮೇಲಿನ ಸಾಲುಗಳು ಕಣ್ಣಿಗೆ ಹತ್ತಲಿಲ್ಲ, ಮೇಲೆ ಕೆಳಗೆ ಸರಿಸುತ್ತಾ ಒಂದೇ ಪ್ಯಾರಾವನ್ನು ನಾಲ್ಕು ಸಲ ಓದಿದೆ, ಉಳಿದ ಗದ್ಯಗಳಿಗೆ ಸಮಯ ಸಾಲದೆ ಕೊನೆಯ ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಉತ್ತರ ಗುರುತಿಸಿದೆ. ಆಮೇಲಿನ ಭಾಗಗಳನ್ನು ಬರೆಯುವಾಗಲೂ ಮನಸ್ಸು ಆ ಗದ್ಯದಲ್ಲಿಯೇ ಸಿಕ್ಕಿಕೊಂಡಿತ್ತು. ಎಲ್ಲ ಮುಗಿದಾಗ ಒಂದು ಪರದೆ ತೆರೆದುಕೊಂಡಿತು. ಈ ಪರೀಕ್ಷೆಗೆ ಅಂಕ ಕೊಡಬೇಕೇ, ಅಥವಾ ಇದನ್ನು ರದ್ದು ಮಾಡಬೇಕೇ? ಉತ್ತರಿಸಲು ಐದು ನಿಮಿಷ.

ಧಾರವಾಡದಲ್ಲಿ ಪರೀಕ್ಷೆ ಮುಗಿಸಿ ಹೊರಬಂದರೆ ನಾವು ಏನು ಮಾಡುತ್ತಿದ್ದೆವು, ನಿನಗೆ ಗೊತ್ತು. ಪ್ರಶ್ನೆಪತ್ರಿಕೆ ಹಿಡಿದುಕೊಂಡು ಮರದ ಕೆಳಗೆ ಗುಂಪಾಗಿ ಕುಳಿತು ಉತ್ತರ ತಾಳೆ ನೋಡುತ್ತಿದ್ದೆವು, ಸಂಜೆ ಟ್ಯೂಷನ್ ಸರ್ ಮನೆಗೆ ಹೋಗಿ ಮತ್ತೊಮ್ಮೆ ಲೆಕ್ಕ ಹಾಕುತ್ತಿದ್ದೆವು, ಮನೆಗೆ ಬರುವಷ್ಟರಲ್ಲಿ ಎಷ್ಟು ಬೀಳಬಹುದೆಂಬುದು ಓಣಿಗೆಲ್ಲ ತಿಳಿದಿರುತ್ತಿತ್ತು. ಇಲ್ಲಿ ಪತ್ರಿಕೆಯೂ ಕೈಯಲ್ಲಿಲ್ಲ, ತಾಳೆ ನೋಡಲು ಗೆಳತಿಯರೂ ಇಲ್ಲ. ನನಗೆ ಆಗ ಕಣ್ಣ ಮುಂದೆ ಬಂದದ್ದು ನಾನು ಬಿಡಿಸಿದ ಲೆಕ್ಕಗಳಲ್ಲ, ಸಿ.ಇ.ಟಿ.ಯ ರ್‍ಯಾಂಕು ಸಾಲದೆ ಬಿ.ಎಸ್ಸಿ. ಸೇರಿದ ವರ್ಷ ಮದುವೆ ಮನೆಗಳಲ್ಲಿ ಜನ ಅಪ್ಪನನ್ನು ಕೇಳುತ್ತಿದ್ದ ಪ್ರಶ್ನೆಗಳು. ಕಡಿಮೆ ಅಂಕ ಶಾಶ್ವತವಾಗಿ ದಾಖಲೆಯಲ್ಲಿ ಉಳಿಯುವುದಕ್ಕಿಂತ ಅಂಕವೇ ಇಲ್ಲದಿರುವುದು ಲೇಸೆನಿಸಿತು. ಎರಡು ನಿಮಿಷ ಬಾಕಿಯಿರುವಾಗಲೇ ರದ್ದು ಎಂಬುದನ್ನು ಒತ್ತಿದೆ.

ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ "ಎಷ್ಟ ಬಿದ್ದುವವ್ವಾ?" ಎಂದು ಕೇಳುತ್ತಿದ್ದರು. ಇನ್ನೂ ಬಂದಿಲ್ಲವೆಂದು ಹೇಳುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು, ನಾನು ಮಗನನ್ನು ಕರೆದುಕೊಂಡು ಊರಿಗೆ ಹೋದೆ, ಐದು ತಿಂಗಳು ಅಲ್ಲಿಯೇ ಇದ್ದೆ. ಮಾತು ಸ್ಪಷ್ಟವಾಗಿ ಬರದಿದ್ದರೂ ಒಂದು ದಿನ ಬೆರಳಿನಿಂದ ಬರೆಯುವ ಸನ್ನೆ ಮಾಡಿ ಮತ್ತೆ ಅದನ್ನೇ ಕೇಳಿದರು. ಆಗಲೂ ನಾನು ನಿಜ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ಮರಳಿ ಬಂದೆ, ಮಗಳು ಹುಟ್ಟಿದಳು, ಮತ್ತೆ ಬರೆಯಬೇಕೆಂದುಕೊಂಡ ವರ್ಷಗಳು ಕಳೆದುಹೋದವು. ನನ್ನೊಡನೆ ಸಾವಯವ ರಸಾಯನದ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಅದೇ ತಿಂಗಳು ಪರೀಕ್ಷೆ ಬರೆದು ಅಳುತ್ತಾ ಹೊರಬಂದವಳು, ಆದರೆ ರದ್ದು ಮಾಡಲಿಲ್ಲ. ಅವಳು ಈಗ ಮಕ್ಕಳ ವೈದ್ಯೆ. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೋಗಿಗೆ ಹೊಂದುವ ರಕ್ತವನ್ನು ಪರೀಕ್ಷಿಸಿ ಕಳಿಸುತ್ತೇನೆ. ಈ ಕೆಲಸದ ಬಗ್ಗೆ ನನಗೆ ಅಭಿಮಾನವಿದೆ, ಅದರ ಬಗ್ಗೆ ಯಾರ ಮುಂದೆಯೂ ನಾನು ತಲೆ ತಗ್ಗಿಸಿಲ್ಲ. ಆದರೆ ಆ ಐದು ನಿಮಿಷ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ನಿನ್ನಿಂದ ಎರಡು ಮಾತು ತೆಗೆದುಕೊಳ್ಳುತ್ತೇನೆ. ಕೊನೆಯ ಎರಡು ತಿಂಗಳಲ್ಲಿ ಕನಿಷ್ಠ ಆರು ಸಲ ಇಡೀ ಪರೀಕ್ಷೆಯನ್ನು ಪರದೆಯ ಮೇಲೆ ಬರೆ. ಬೆಳಿಗ್ಗೆ ಎಂಟಕ್ಕೆ ಕುಳಿತುಕೋ, ನಡುವೆ ಹತ್ತು, ಮೂವತ್ತು, ಮತ್ತೆ ಹತ್ತು ನಿಮಿಷ ಮಾತ್ರ ಏಳು, ಫೋನ್ ಮುಟ್ಟಬೇಡ, ಏಕೆಂದರೆ ಅಲ್ಲಿ ವಿರಾಮದಲ್ಲಿಯೂ ಅದನ್ನು ಮುಟ್ಟುವಂತಿಲ್ಲ. ಪರದೆಯ ಮೇಲೆಯೇ ಸಾಲುಗಳಿಗೆ ಬಣ್ಣ ಹಚ್ಚುವುದನ್ನೂ ಬೇಡವಾದ ಉತ್ತರಕ್ಕೆ ಗೆರೆ ಎಳೆಯುವುದನ್ನೂ ರೂಢಿ ಮಾಡಿಕೋ. ಎರಡನೆಯದು, ಅಂಕ ಬೇಕೋ ರದ್ದು ಬೇಕೋ ಎಂಬುದನ್ನು ಹಿಂದಿನ ದಿನವೇ ತೀರ್ಮಾನಿಸಿ ಪತಿಗೆ ಹೇಳಿಡು. ಮೈಗೆ ಹುಷಾರಿಲ್ಲದೆ ಒಂದು ಭಾಗವನ್ನು ಬರೆಯಲಾಗದೇ ಹೋದರೆ ರದ್ದು ಮಾಡು. ಕಷ್ಟವಾಯಿತೆಂಬ ಕಾರಣಕ್ಕೆ ಮಾಡಬೇಡ, ಅಂದು ಎಲ್ಲರಿಗೂ ಕಷ್ಟವೇ ಆಗಿರುತ್ತದೆ, ದಣಿದ ತಲೆಗೆ ತಪ್ಪಿದ ಹತ್ತು ಪ್ರಶ್ನೆಗಳು ನೆನಪಿರುತ್ತವೆಯೇ ಹೊರತು ಸರಿಯಾದ ನೂರು ನೆನಪಿರುವುದಿಲ್ಲ. ರದ್ದಾದ ಪರೀಕ್ಷೆಯೂ ಒಂದು ಪ್ರಯತ್ನವೆಂದೇ ಎಣಿಕೆಯಾಗುತ್ತದೆ. ವರ್ಷಕ್ಕೆ ಮೂರು, ಸತತ ಎರಡು ವರ್ಷಗಳಲ್ಲಿ ನಾಲ್ಕು, ಜೀವಮಾನದಲ್ಲಿ ಏಳು, ಇಷ್ಟೇ ಅವಕಾಶ.

ಹೆಸರಿನ ವಿಷಯ ಮರೆಯುತ್ತಿದ್ದೆ. ನೋಂದಣಿಯಲ್ಲಿ ಬರೆದ ಹೆಸರು ಮತ್ತು ಅಡ್ಡಹೆಸರು ಗುರುತಿನ ಪತ್ರದಲ್ಲಿರುವಂತೆಯೇ ಇರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ನಿನ್ನ ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯದು ಇರಬಹುದು. ನೋಂದಣಿಯನ್ನು ಪಾಸ್‌ಪೋರ್ಟಿನಂತೆಯೇ ಮಾಡು. ಮಧ್ಯದ ವಿರಾಮಕ್ಕೆ ಚಪಾತಿಯಲ್ಲಿ ಶೇಂಗಾ ಹಿಂಡಿ ಸುತ್ತಿಕೊಂಡು ಹೋಗು, ಅನ್ನ ಬೇಡ, ನಿದ್ದೆ ಬರುತ್ತದೆ.

ಮೊದಲ ಪೂರ್ಣ ಅಭ್ಯಾಸ ಪರೀಕ್ಷೆ ಮುಗಿಸಿದ ದಿನ ನನಗೆ ಫೋನ್ ಮಾಡು. ಎಷ್ಟನೆಯ ಗಂಟೆಗೆ ಕಣ್ಣು ಸೋತವು, ಯಾವ ಗದ್ಯದಲ್ಲಿ ಓದಿದ್ದನ್ನೇ ಮತ್ತೆ ಓದಿದೆ ಎಂಬುದನ್ನು ಮೊದಲು ಹೇಳು, ಅಂಕಗಳನ್ನು ಆಮೇಲೆ ನೋಡೋಣ. ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲಿಯೇ ಇರುತ್ತೇನೆ.