ಬ್ಯಾನರಿನ ಖಿನ್ನತೆ, ಮನೆಯೊಳಗಿನ ಉದಾಸೀನ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರ ಪತ್ರ: “ಅಕ್ಟೋಬರ್ 10ರ ಮಾನಸಿಕ ಆರೋಗ್ಯ ದಿನಕ್ಕೆ ಪ್ರತಿ ಪಂಚಾಯತಿನಲ್ಲೂ ಜಾಥಾ, ಬ್ಯಾನರ್, ತಜ್ಞರ ಭಾಷಣ ಇರಲಿ. ಖಿನ್ನತೆಯ ಬಗ್ಗೆ ಜನರಿಗೆ ತಿಳಿವಳಿಕೆಯೇ ಇಲ್ಲ.”

ಸಂಪಾದಕರ ಉತ್ತರ: ಜಾಥಾ ಬೇಡವೆನ್ನುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಆ ಹೆಸರು ನಾಲ್ಕು ಜನರ ಕಣ್ಣಿಗೆ ಬಿದ್ದರೆ ನಾಚಿಕೆ ಒಂದಿಷ್ಟು ಕಳೆದೀತು. ಆದರೆ ತಿಳಿವಳಿಕೆಯೇ ಇಲ್ಲವೆಂದಿರಲ್ಲ, ಅದನ್ನು ಒಪ್ಪಲಾರೆವು. ಜನರಲ್ಲಿಲ್ಲದ್ದು ‘ಖಿನ್ನತೆ’ ಎಂಬ ನಿಮ್ಮ ಆ ಶಬ್ದ ಮಾತ್ರ. ‘ಯಾವುದಕ್ಕೂ ಉದಾಸೀನ’, ‘ಊಟ ಸೇರುವುದಿಲ್ಲ’, ‘ಮೂರು ಗಂಟೆಗೇ ಎಚ್ಚರ, ಮತ್ತೆ ನಿದ್ದೆಯಿಲ್ಲ’ ಎಂದು ಹೇಳಿಕೊಳ್ಳುವವರು ನಮ್ಮಲ್ಲಿದ್ದಾರೆ. ಘಟ್ಟದ ಮೇಲೆ ಉದಾಸೀನವೆಂದರೆ ಅಸಡ್ಡೆ. ಇಲ್ಲಿ ಮೈ ಏಳದಿರುವುದು. ಮನೆಯವರು ಸೋಮಾರಿತನವೆಂದು ಬೈಯುತ್ತಾರೆ, ಕಾಯಿಲೆ ಆ ಬೈಗುಳದ ಹಿಂದೆ ಅಡಗಿ ಕೂರುತ್ತದೆ.

ಖಿನ್ನತೆಯ ಸುಳಿವು ಹಿಡಿಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನೇ ನೋಡಿ. ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರು ನೋಡಬೇಕು. ಅದು ಬರೀ ಜರಡಿ, ರೋಗನಿರ್ಣಯವಲ್ಲ. ಮೊದಲ ಪ್ರಶ್ನೆಯನ್ನು ‘ಚಟುವಟಿಕೆಗಳಲ್ಲಿ ಆಸಕ್ತಿಯ ಕೊರತೆಯಿದೆಯೇ’ ಎಂದು ಓದಿದರೆ ‘ಇಲ್ಲ’ ಎಂದು ತಲೆಯಾಡಿಸಿ ಮುಗಿಸುತ್ತಾರೆ. ‘ಆಟ ಇದ್ದರೆ ಬೆಳಗಿನವರೆಗೆ ಕೂರುತ್ತಿದ್ದಿರಿ, ಈಗ ಮನಸ್ಸಾಗುವುದಿಲ್ಲವಾ?’ ಎಂದು ಕೇಳಿ. (ಆಟವೆಂದರೆ ಯಕ್ಷಗಾನವೆಂದು ನಮ್ಮ ಕುಂಬಳೆ ಸೀಮೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.)

ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಹಾರಿಸಿಬಿಡುವುದುಂಟು. ಹಾಗೆ ಹುಟ್ಟುವುದಿಲ್ಲ. ಆದರೆ ಜಗಲಿಯಲ್ಲಿ, ಅತ್ತೆಯ ಎದುರು ಕೇಳಬಾರದು. ಹೌದೆಂದರೆ, ಒಟ್ಟು ಅಂಕ ಎಷ್ಟೇ ಇರಲಿ, ಒಂಟಿಯಾಗಿ ಬಿಡದೆ, ತೋಟದ ವಿಷದ ಡಬ್ಬಿಗಳನ್ನು ಬೀಗದೊಳಗೆ ಹಾಕಿಸಿ, ಅಂದೇ ವೈದ್ಯರಿಗೆ ತಿಳಿಸಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲಿರುಳೂ ಇದೆ.

ಇನ್ನು ಖಿನ್ನತೆಯ ಮಾತ್ರೆ. ಅದು ಹಿಡಿಯಲು 2ರಿಂದ 4 ವಾರ ಬೇಕು. ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ ಬರಬಹುದು. ಇದನ್ನು ಮುಂಚೆಯೇ ಹೇಳದಿದ್ದರೆ ಹತ್ತನೇ ದಿನಕ್ಕೆ ಮಾತ್ರೆ ಕಪಾಟು ಸೇರುತ್ತದೆ. ಗುಣವಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸಬೇಕೆಂದು ಯಾವ ಬ್ಯಾನರಿನಲ್ಲಿ ಬರೆಯುತ್ತೀರಿ?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ರೂಪಿಸಿದ್ದು ಬಳ್ಳಾರಿಯಲ್ಲಿ, ಕನ್ನಡದ ಹಳ್ಳಿಗಳಲ್ಲಿ. ಇಡೀ ದೇಶ ಅದನ್ನು ಎತ್ತಿಕೊಂಡಿತು. ನಮ್ಮ ಜಿಲ್ಲೆಯ ಎಣ್ಮಕಜೆಯ ಮುದುಕಿ ಮಾತ್ರ ತನ್ನ ಸಂಕಟವನ್ನು ಮಲಯಾಳದ ಫಾರಮಿಗೆ ಹೊಂದಿಸಿಕೊಂಡು ಹೇಳಬೇಕೆ? ನಿಮ್ಮ ಅಕ್ಷರ ಚೆನ್ನಾಗಿದೆ, ಕಳಕಳಿಯೂ ಇದೆ. ಆಶಾ ಕಾರ್ಯಕರ್ತೆಯರ ಕೈಗೆ ಕನ್ನಡದ, ತುಳುವಿನ ಪ್ರಶ್ನಾವಳಿ ಕೊಡಿ ಎಂದು ಜಿಲ್ಲಾ ವೈದ್ಯಾಧಿಕಾರಿಗೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಉತ್ತರವೂ ಕನ್ನಡದಲ್ಲೇ ಬರಬೇಕು. ಬಂದರೆ ನಮಗೊಂದು ಪ್ರತಿ ಕಳುಹಿಸಿ, ಅಚ್ಚು ಹಾಕುತ್ತೇವೆ.