ಪೋಕೆಮಾನ್ ಕಥೆಯಲ್ಲಿ ನಾಲ್ಕೇ ಮೂವ್ ಯಾಕೆ ಅಂತ ಕೇಳಿದವರಿಗೆ

ಪೋಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿದು ಪಳಗಿಸಿ ಪಂದ್ಯ ಆಡಿಸುವ ವಿಡಿಯೋ ಆಟದ ಲೋಕವನ್ನೇ ಇಟ್ಟುಕೊಂಡು ನೀವು ಬರೆಯುತ್ತಿರುವ ಅಜೇಲಿಯಾ ಊರಿನ ಹುಡುಗಿಯ ಕಥೆ ಓದಿದೆ. ಚೆನ್ನಾಗಿ ಹೋಗುತ್ತಿದೆ. ಆದರೆ ಓದುಗರೊಬ್ಬರು ಕೇಳಿದ ಮೂರು ಪ್ರಶ್ನೆಗಳಿಂದ ಕೈ ಕಟ್ಟಿದಂತಾಗಿದೆ ಅಂತ ಬರೆದಿದ್ದೀರಿ. ಪೋಕೆಮಾನ್‌ಗೆ ನಾಲ್ಕೇ ಮೂವ್, ಅಂದರೆ ಹೊಡೆದಾಟದ ಪಟ್ಟು, ಯಾಕೆ? ಒಂದು ಹೊಡೆಯುವಾಗ ಇನ್ನೊಂದು ಸುಮ್ನೆ ಯಾಕೆ ನಿಂತಿರುತ್ತದೆ? ನೆಲಕ್ಕೆ ಬಿದ್ದದ್ದು ಸೆಂಟರ್‌ಗೆ (ಪೋಕೆಮಾನ್ ಆಸ್ಪತ್ರೆಗೆ) ಹೋದ ಕೂಡಲೇ ಹೇಗೆ ಎದ್ದು ಓಡಾಡುತ್ತದೆ?

ಇದಕ್ಕೆಲ್ಲ ವಿಜ್ಞಾನ ಹುಡುಕಿಕೊಂಡು ಹೋಗಬೇಡಿ. ಆಟದ ಪ್ರತಿ ನಿಯಮಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಆ ಪ್ರಾಣಿಯ ಮೈಯಲ್ಲೇ ಇರುವ ಗುಣವಾ, ಜನ ಮಾಡಿಕೊಂಡ ಕಾನೂನಾ, ಇಲ್ಲ ಬರೀ ಸ್ಕ್ರೀನಿನ ಅನುಕೂಲವಾ? ಸ್ಕ್ರೀನಿನ ಅನುಕೂಲವಾದರೆ ಕಿತ್ತು ಬಿಸಾಡಿ. ದಾರಿಗೆ ಅಡ್ಡ ನಿಂತ ಒಂದು ಪುಟ್ಟ ಗಿಡ, ಹತ್ತಲಾಗದ ಮೊಣಕಾಲೆತ್ತರದ ದಿಣ್ಣೆ, ಲೆವೆಲ್ ನಂಬರು, ಇವೆಲ್ಲ ಆ ಜಾತಿಯವು. ಯಾರೂ ಕೇಳುವುದಿಲ್ಲ.

ನಾಲ್ಕು ಮೂವ್ ಇದೆಯಲ್ಲ, ಅದು ನನ್ನ ಪ್ರಕಾರ ಪಕ್ಕಾ ಕಾನೂನು. ಸಾಕ್ಷಿ ಆಟದಲ್ಲೇ ಇದೆ. 2022ರ ‘ಲೆಜೆಂಡ್ಸ್ ಆರ್ಸಿಯಸ್’ ನಡೆಯುವುದು ಹಿಸುಯಿಯಲ್ಲಿ, ಅಂದರೆ ಸಿನೋಹ್ ಅನ್ನುವ ಪ್ರಾಂತ ಇನ್ನೂ ಸಿನೋಹ್ ಆಗುವುದಕ್ಕೆ ಮುಂಚೆ. ಊರೂರಿನ ಪಂದ್ಯದ ಅಖಾಡವಾದ ಜಿಮ್ ಇಲ್ಲ, ಪಂದ್ಯಗಳ ಲೀಗ್ ಇಲ್ಲ. ಅಲ್ಲಿ ಪೋಕೆಮಾನ್ ಕಲಿತದ್ದನ್ನು ಮರೆಯುವುದೇ ಇಲ್ಲ. ಯುದ್ಧಕ್ಕೆ ಮುಂಚೆ ಯಾವ ನಾಲ್ಕು ಬೇಕೋ ಆರಿಸಿಕೊಳ್ಳಬಹುದು. ಈಚಿನ ಕಾಲದ ಊರುಗಳಲ್ಲೂ ಮರೆತ ಮೂವ್ ನೆನಪಿಸಿ ಕೊಡುವವರು ಸಿಗುತ್ತಾರೆ. ಅಂದಮೇಲೆ ಅದು ನಿಜವಾಗಿ ಮರೆತಿರಲಿಲ್ಲ, ಅಲ್ವಾ? ಹಾಗಾಗಿ ನಿಮ್ಮ ಕಥೆಯಲ್ಲಿ ಪಂದ್ಯಕ್ಕೆ ಮುಂಚೆ ನಾಲ್ಕು ಮೂವ್ ಬರೆದು ಕೊಡಬೇಕು ಅಂತ ಲೀಗ್ ನಿಯಮ ಇಡಿ. ಐದನೆಯದು ಬಳಸಿದರೆ ಸೋಲು. ಆಮೇಲೆ ಕಾಡಿನಲ್ಲಿ ಆಟದ ಖಳರ ಗುಂಪಾದ ರಾಕೆಟ್ ತಂಡದವನು ಆ ನಿಯಮ ಪಾಲಿಸದೇ ಇದ್ದಾಗ ನಿಮ್ಮ ಹುಡುಗಿ ಹೇಗೆ ಬೆಚ್ಚಿಬೀಳುತ್ತಾಳೆ ನೋಡಿ. ಕಾನೂನು ಇದ್ದರೆ ತಾನೇ ಅದನ್ನು ಮುರಿಯುವವನೂ ಇರುವುದು.

ಜಿಮ್ ಗೆದ್ದವರಿಗೆ ಸಿಗುವ ಬ್ಯಾಡ್ಜ್ ಕೂಡ ಹಾಗೇ. ‘ರೆಡ್’ ಆಟದಲ್ಲಿ ಪೋಕೆಮಾನ್‌ಗೆ ಫ್ಲೈ ಅನ್ನುವ ಹಾರುವ ಮೂವ್ ಗೊತ್ತಿದ್ದರೂ ಥಂಡರ್ ಬ್ಯಾಡ್ಜ್ ಇಲ್ಲದೆ ಹಾರಿಕೊಂಡು ಊರೂರು ಸುತ್ತುವಂತಿಲ್ಲ. ಹಕ್ಕಿಗೆ ರೆಕ್ಕೆ ಇದ್ದೇ ಇದೆ, ಇಲ್ಲದ್ದು ಅನುಮತಿ. ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ ಅಂದುಕೊಳ್ಳಿ. ಬೇರೆಯವರಿಂದ ಪಡೆದ ಪೋಕೆಮಾನ್ ಮಾತು ಕೇಳದೇ ಇರುವುದು ಮಾತ್ರ ಬೇರೆ ವಿಷಯ. ಅದು ಪ್ರಾಣಿಯ ಸ್ವಭಾವ. ಅಲ್ಲಿ ಬ್ಯಾಡ್ಜ್ ತೋರಿಸಿ ಹೆದರಿಸಿದ ಹಾಗೆ ಬರೆಯಬೇಡಿ, ನಂಬಿಕೆ ಕಟ್ಟುವ ದೃಶ್ಯ ಬರೆಯಿರಿ.

ಈಗ ಏಟು ಮತ್ತು ವಾಸಿಯಾಗುವುದು. ಹೆಚ್ಚಿನ ಕಥೆಗಳು ಇಲ್ಲೇ ಎಡವುತ್ತವೆ. ಪಂದ್ಯದಲ್ಲಿ ಸೋತದ್ದನ್ನು ಆಟ ಯಾವತ್ತೂ ‘ಸತ್ತಿತು’ ಅನ್ನುವುದಿಲ್ಲ, ಪ್ರಜ್ಞೆ ತಪ್ಪಿತು ಅನ್ನುತ್ತದೆ. ಸಾವು ಇಲ್ಲವೇ ಅಂದರೆ ಇದೆ. ಲ್ಯಾವೆಂಡರ್ ಊರಿನ ಗೋಪುರದ ತುಂಬ ಪೋಕೆಮಾನ್ ಸಮಾಧಿಗಳೇ. ಅಲ್ಲಿಗೆ ಸೆಂಟರ್‌ನ ಯಂತ್ರ ಎಲ್ಲವನ್ನೂ ಎಬ್ಬಿಸಲಾರದು ಅಂತಾಯಿತು. ಏಟು ಬಿದ್ದಂತೆ ಇಳಿಯುವ ಎಚ್‌ಪಿ ಅನ್ನುವ ಅಂಕಿಯನ್ನು ರಕ್ತ ಅಂತ ತಿಳಿಯದೆ ತ್ರಾಣ ಅಂತ ತಿಳಿಯಿರಿ. ತ್ರಾಣ ಮುಗಿದಾಗ ಮೈ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಪೋಕೆಮಾನ್‌ಗಳು ತಾವೇ ಕುಗ್ಗಿ ಚಿಕ್ಕದಾಗಬಲ್ಲವು, ಅವನ್ನು ಹಿಡಿದಿಡುವ ಬಾಲ್ (ಚೆಂಡು) ಆ ಗುಣವನ್ನು ಬಳಸಿಕೊಳ್ಳುತ್ತದೆ ಅಷ್ಟೇ ಅಂತ ಹಿಸುಯಿಯ ಆಟದಲ್ಲಿ ಬರುತ್ತದೆ. ಇದನ್ನು ಸ್ವಲ್ಪ ಎಳೆಯಿರಿ: ತ್ರಾಣ ಕಡಿಮೆಯಾದಷ್ಟೂ ಅದಕ್ಕೆ ಕುಗ್ಗಿ ಅಡಗಿಕೊಳ್ಳುವ ಆಸೆ. ಸೋತು ಸುಣ್ಣವಾದ ಪೋಕೆಮಾನ್ ಸುಲಭವಾಗಿ ಬಾಲಿಗೆ ಬೀಳುವುದೂ ಇದಕ್ಕೇ ಅಂತ ಬರೆದರೆ ಎರಡು ನಿಯಮಕ್ಕೆ ಒಂದೇ ಕಾರಣ ಸಿಕ್ಕಿತು.

ಬೇಗ ವಾಸಿಯಾಗುವುದಕ್ಕಂತೂ ನಿಮ್ಮ ಅಜೇಲಿಯಾದಲ್ಲೇ ಉತ್ತರ ಇದೆ. ರಾಕೆಟ್ ತಂಡದವರು ಅಲ್ಲಿನ ಬಾವಿಯಲ್ಲಿ ಸ್ಲೋಪೋಕ್ ಅನ್ನುವ ಪೋಕೆಮಾನ್‌ಗಳ ಬಾಲ ಕತ್ತರಿಸಿ ಮಾರುತ್ತಾರೆ. ರೂಟ್ 32 ಅನ್ನುವ ದಾರಿಯಲ್ಲಿ ಒಬ್ಬ ಆ ಬಾಲಕ್ಕೆ ಆಟದ ದುಡ್ಡಿನಲ್ಲಿ 10 ಲಕ್ಷ ಕೇಳುತ್ತಾನೆ! ಕತ್ತರಿಸಿದ ಬಾಲ ಮತ್ತೆ ಬೆಳೆಯುತ್ತದೆ. ಇಂಥ ಮೈ ಇರುವ ಲೋಕದಲ್ಲಿ ತರಚು ಗಾಯ ಬೇಗ ಮಾಯುವುದು ದೊಡ್ಡ ಮಾತಲ್ಲ. ಯಂತ್ರ ಮಾಡುವುದು ಆ ಕೆಲಸವನ್ನು ಚುರುಕು ಮಾಡುವುದಷ್ಟೇ ಅಂತ ಇಡಿ. ಮುರಿದ ಎಲುಬಿಗೆ, ವಿಷಕ್ಕೆ ದಿನಗಳು ಹಿಡಿಯಲಿ. ಸೆಂಟರ್‌ನಲ್ಲಿ ಒಂದು ರಾತ್ರಿ ಕಾಯುವ ದೃಶ್ಯ ನಿಮಗೆ ಬೇಕೇ ಬೇಕು, ಇಲ್ಲದಿದ್ದರೆ ಸೋಲಿಗೆ ತೂಕವೇ ಇರುವುದಿಲ್ಲ.

ಸರದಿಯ ಪ್ರಕಾರ ಹೊಡೆದಾಡುವುದು ಪೂರ್ತಿ ಸ್ಕ್ರೀನಿನ ಅನುಕೂಲ. ತೆಗೆಯಿರಿ. ಅದರ ಜಾಗಕ್ಕೆ ದೂರ, ವೇಗ, ಉಸಿರು ತನ್ನಿ. ಒಂದು ಮೂವ್ ಎಷ್ಟು ಸಲ ಬಳಸಬಹುದು ಅನ್ನುವ ಲೆಕ್ಕ, ಅಂದರೆ ಪಿಪಿ, ಇಲ್ಲಿ ತುಂಬ ಸಹಾಯ ಮಾಡುತ್ತದೆ. ಸಾದಾ ಮೂವ್ ಟ್ಯಾಕಲ್‌ಗೆ 35 ಇತ್ತು, ಭಾರಿ ಮೂವ್ ಹೈಡ್ರೋ ಪಂಪ್‌ಗೆ ಬರೀ 5. ಇನ್ನೊಂದು ಭಾರಿ ಮೂವ್ ಹೈಪರ್ ಬೀಮ್ ಬಿಟ್ಟ ಮೇಲೆ ಒಂದು ಸರದಿ ಸುಮ್ನೆ ನಿಲ್ಲಲೇಬೇಕು. ನಂಬರ್ ಬಿಡಿ, ಆ ಅನುಪಾತ ಮಾತ್ರ ಇಟ್ಟುಕೊಳ್ಳಿ: ದೊಡ್ಡ ಹೊಡೆತಕ್ಕೆ ದೊಡ್ಡ ಸುಸ್ತು. ಇನ್ನೊಂದು, ಪೋಕೆಮಾನ್ ಆಡಿಸುವ ಟ್ರೈನರ್ ಕೂಗಿದ್ದು ಎದುರಾಳಿಗೂ ಕೇಳಿಸುತ್ತದೆ. ಸನ್ನೆ, ಶಿಳ್ಳೆ, ಸುಳ್ಳು ಹೆಸರು ಎಲ್ಲಕ್ಕೂ ಜಾಗ ಇದೆ.

ಯಾವ ಜಾತಿಯ ಮೂವ್ ಯಾವ ಜಾತಿಗೆ ಹೆಚ್ಚು ತಾಗುತ್ತದೆ ಅನ್ನುವ ಟೈಪ್ ಪಟ್ಟಿಯನ್ನು ವಿವರಿಸಲೇಬೇಡಿ. ನೀರಿಗೆ ಕರೆಂಟ್ ಆಗದು, ನೆಲದವಕ್ಕೆ ಕರೆಂಟ್ ತಾಗದು, ಇಷ್ಟು ಎಲ್ಲರಿಗೂ ಗೊತ್ತು. ಪೋಕೆಮಾನ್‌ಗಳ ವಿವರ ಇರುವ ಪೋಕೆಡೆಕ್ಸ್‌ನ ಅಂಕಿಗಳನ್ನಂತೂ ಮುಟ್ಟಲೇಬೇಡಿ. 14.5 ಮೀಟರ್ ಉದ್ದದ ವೈಲಾರ್ಡ್‌ಗೆ 398 ಕೆಜಿ ತೂಕ ಅಂತೆ. ಮ್ಯಾಗ್‌ಕಾರ್ಗೋ ಮೈ ಸೂರ್ಯನ ಮೇಲ್ಮೈಗಿಂತ ಬಿಸಿಯಂತೆ. ಪಾಪ, ಅದನ್ನು ಸಾಕಿದವರ ಮನೆ ಏನಾಗಬೇಕು? ಊರಿನವರು ಹೇಳುವ ಬಡಾಯಿ ಅಂತ ಬರೆದರೆ ನಡೆಯುತ್ತದೆ.

ನಿಮ್ಮ ಮುಂದಿನ ಅಧ್ಯಾಯ ಅಜೇಲಿಯಾದ ಜಿಮ್ ನಾಯಕ ಬಗ್ಸಿಯ ಜಿಮ್ ಅಂದಿರಿ. ‘ಗೋಲ್ಡ್’ ಆಟದಲ್ಲಿ ಅವನ ಪೋಕೆಮಾನ್ ಸೈಥರ್ ಫ್ಯೂರಿ ಕಟರ್ ಅನ್ನುವ ಮೂವ್ ಬಳಸುತ್ತದೆ. ಬಿಡದೆ ತಾಗುತ್ತ ಹೋದರೆ ಪ್ರತಿ ಏಟಿಗೂ ಬಲ ಇಮ್ಮಡಿ, ಒಂದು ತಪ್ಪಿದರೆ ಮತ್ತೆ ಮೊದಲಿನಿಂದ. ಇದನ್ನು ಹಾಗೇ ಲಯ ಅಂತ ಬರೆಯಿರಿ. ನಿಮ್ಮ ಹುಡುಗಿ ಸೈಥರ್‌ಗಿಂತ ಬಲಶಾಲಿ ಆಗಬೇಕಾಗಿಲ್ಲ, ಮೂರನೇ ಏಟಿಗೆ ಮುಂಚೆ ಆ ಲಯ ಕೆಡಿಸಿದರೆ ಸಾಕು. ಹೇಗೆ ಕೆಡಿಸುತ್ತಾಳೆ ಅನ್ನುವುದು ನಿಮಗೆ ಬಿಟ್ಟದ್ದು. ಬರೆದ ಮೇಲೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.